ಹಳದಿ ಹೋತಕ್ಕೆ 45,000 ರೂಪಾಯಿ

ಬೆಂಗಳೂರಿನ ಒಬ್ಬ ಕೊಳ್ಳುಗರು ಕೈಸುಟ್ಟುಕೊಂಡ ಲೆಕ್ಕ ಹೀಗಿದೆ: 'ಮೊದಲ ಮುದ್ರಣ' ಎಂದು ವಿದೇಶದಿಂದ ತರಿಸಿದ ಹಳೆಯ ರೆಕಾರ್ಡಿಗೆ 45,000 ರೂಪಾಯಿ, ಅಂಚೆ ಖರ್ಚು 3,200, ಮನೆ ಬಾಗಿಲಲ್ಲಿ ಕಟ್ಟಿದ ಕಸ್ಟಮ್ಸ್ ಸುಂಕ ಬೇರೆ. ಐದು ವಾರ ಕಾದ ಮೇಲೆ ಬಂದದ್ದು ಈಚೆಗೆ ಒತ್ತಿದ ತಟ್ಟೆ. ಮಾರಿದವನು ಸಂದೇಶಗಳಿಗೆ ಉತ್ತರಿಸುವುದನ್ನು ನಿಲ್ಲಿಸಿದ. ಪಾಪ, ಕೊಂಡವರು ಹೊಸಬರಲ್ಲ, ಹತ್ತು ವರ್ಷದಿಂದ ಬ್ಲ್ಯಾಕ್ ಮೆಟಲ್ ಎಂಬ ಒರಟು ರಾಕ್ ಸಂಗೀತ ಕೇಳುತ್ತಿರುವವರು. ಸಂಗೀತ ಗೊತ್ತಿತ್ತು, ತಟ್ಟೆ ಗೊತ್ತಿರಲಿಲ್ಲ.

ಆ ರೆಕಾರ್ಡು ಸ್ವೀಡನ್ನಿನ ಬಾಥರಿ ತಂಡದ ಮೊದಲ ಎಲ್‌ಪಿ, 1984ರದ್ದು. ಮುಖಪುಟದ ಹೋತದ ತಲೆ ಬಂಗಾರದ ಬಣ್ಣದಲ್ಲಿ ಬರಬೇಕಿತ್ತು. ಅಚ್ಚಾಗಿ ಬಂದದ್ದು ಮದುವೆಮನೆಯ ಅರಿಸಿನದಂಥ ಹಳದಿ. ಮೊದಲ 1000 ಪ್ರತಿ ಹಾಗೇ ಹೊರಬಿತ್ತು, ಆಮೇಲಿನ ಮುದ್ರಣಗಳಲ್ಲಿ ಹೋತ ಬಿಳಿಯಾಯಿತು. ಬೇಡವಾದ ಆ ಹಳದಿಯೇ ಇವತ್ತು 'ಯೆಲ್ಲೋ ಗೋಟ್' ಎಂಬ ಹೆಸರಿನಲ್ಲಿ ಸಂಗ್ರಹಕಾರರ ಕನಸು. ಬಣ್ಣವೊಂದೇ ಬೆಲೆಯನ್ನು ಹತ್ತಾರು ಪಟ್ಟು ಏರಿಸುವುದಾದರೆ, ಬಣ್ಣ ಬಳಿದು ಮಾರುವವರು ಹುಟ್ಟಿಕೊಳ್ಳುವುದು ಸಹಜ. ಇದರ ನಕಲುಗಳು ದಶಕಗಳಿಂದ ಓಡಾಡುತ್ತಿವೆ.

ಮೋಸ ನಡೆದ ಬಗೆ ತೀರಾ ಸಾಮಾನ್ಯ. ಮಾರುವವನು ಮೂರು ಫೋಟೋ ಕಳಿಸಿದ: ಜಾಕೆಟ್ಟಿನ, ಅಂದರೆ ರಟ್ಟಿನ ಹೊದಿಕೆಯ, ಮುಂಭಾಗ, ಹಿಂಭಾಗ, ತಟ್ಟೆಯ ಒಂದು ಬದಿಯ ನಡುವಿನ ಕಾಗದದ ಲೇಬಲ್. ಈ ಮೂರೂ ನಕಲು ಮಾಡಲು ಸುಲಭವಾದ ಭಾಗಗಳೇ. ಲೇಬಲ್ಲಿನ ಸುತ್ತಲಿನ ಖಾಲಿ ಉಂಗುರದ, ಅಂದರೆ ರನೌಟಿನ, ಫೋಟೋ ಕೇಳಿದಾಗ 'ಕ್ಯಾಮೆರಾದಲ್ಲಿ ಸರಿಯಾಗಿ ಬರುತ್ತಿಲ್ಲ' ಎಂದ. ಕೊಳ್ಳುಗರು ಅಲ್ಲಿಗೇ ಬಿಟ್ಟರು. ವ್ಯವಹಾರ ಅಲ್ಲೇ ಮುಗಿಯಬೇಕಿತ್ತು.

ಕೊನೆಯ ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ಉಳಿಯುವ ಹೊಳಪಿನ ಖಾಲಿ ಉಂಗುರವೇ ರನೌಟ್. ತಟ್ಟೆಯನ್ನು ಕೊರೆದವರು ಮತ್ತು ಒತ್ತಿದ ಕಾರ್ಖಾನೆಯವರು ಅಲ್ಲಿ ಗುರುತಿನ ಸಂಖ್ಯೆ ಬಿಟ್ಟಿರುತ್ತಾರೆ. ಕೆಲವು ಕೈಯಿಂದ ಗೀಚಿದವು, ಕೆಲವು ಅಚ್ಚು ಒತ್ತಿದವು. ಜಾಕೆಟ್ಟನ್ನು ಸ್ಕ್ಯಾನ್ ಮಾಡಿ ಯಾರು ಬೇಕಾದರೂ ಮುದ್ರಿಸಬಹುದು, ರನೌಟಿನ ಗೀಚನ್ನು ತದ್ರೂಪು ಮಾಡುವುದು ಕಷ್ಟ. ಇದರ ಫೋಟೋ ತೆಗೆಯುವುದೂ ಬ್ರಹ್ಮವಿದ್ಯೆಯಲ್ಲ: ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ತಟ್ಟೆಯ ಅಂಚಿನ ಹತ್ತಿರ, ಮೇಲ್ಮೈಗೆ ಬಹುತೇಕ ಸಮಾನಾಂತರವಾಗಿ ಹಿಡಿದರೆ ಗೀಚು ನೆರಳು ಬಿಟ್ಟು ಎದ್ದು ಕಾಣುತ್ತದೆ. ತಟ್ಟೆಯನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದ ವಿಡಿಯೊ ಕೇಳಿ, ಎರಡೂ ಬದಿಯದು. ಪಕ್ಕದಲ್ಲಿ ನಿಮ್ಮ ಹೆಸರು, ಆ ದಿನದ ತಾರೀಖು ಬರೆದ ಚೀಟಿ ಇರಲಿ. ಬೇರೆಯವರ ಫೋಟೋ ಕದ್ದು ಮಾರಾಟಕ್ಕಿಟ್ಟವನು ಈ ಚೀಟಿಯ ಮುಂದೆ ತಡವರಿಸುತ್ತಾನೆ.

ಬಂದ ತಟ್ಟೆಯ ರನೌಟಿನಲ್ಲಿ ಇದ್ದದ್ದು ಆರು ಅಂಕಿ, ಆಮೇಲೆ E1, ಒಂದು ಓರೆಗೆರೆ, ಕೊನೆಗೆ A. ಇದನ್ನು ನೋಡಿದ ಕೂಡಲೇ ಬಲ್ಲವರು ತಲೆಯಾಡಿಸುತ್ತಾರೆ. ಇದು ಚೆಕ್ ದೇಶದ ಲೊಡೆನಿಟ್ಸೆಯಲ್ಲಿರುವ ಜಿಝಡ್ ಮೀಡಿಯಾ ಕಾರ್ಖಾನೆಯ ಈಚಿನ ಸಂಖ್ಯಾಕ್ರಮ. ಯಾವ ರೆಕಾರ್ಡ್ ಕಂಪನಿಯಾದರೂ ಅಲ್ಲಿ ಒತ್ತಿಸಬಹುದು, ಕಾರ್ಖಾನೆಯ ತಪ್ಪೇನೂ ಇಲ್ಲ. ಆದರೆ 1984ರಲ್ಲಿ ಸ್ವೀಡನ್ನಿನಲ್ಲಿ ಹೊರಬಂದ ತಟ್ಟೆಯ ಮೇಲೆ ಆ ಸಂಖ್ಯೆ ಇರಲು ಸಾಧ್ಯವಿಲ್ಲ. ಹಾಗಿದ್ದರೆ ಅದು ಅಧಿಕೃತ ಮರುಮುದ್ರಣ, ಇಲ್ಲವೇ ನಕಲಿ, ಮೊದಲ ಮುದ್ರಣವಂತೂ ಅಲ್ಲ. ಇಲ್ಲಿ ಜಾಕೆಟ್ಟು ನಕಲಿ ಎಂದು ಸಾರುತ್ತಿತ್ತು. ಅದು ಹೇಗೆಂದು ಮುಂದೆ ಹೇಳುತ್ತೇವೆ.

ಸಂಖ್ಯೆಯನ್ನು ಡಿಸ್ಕಾಗ್ಸ್ ಎಂಬ, ರೆಕಾರ್ಡುಗಳ ಮಾಹಿತಿ ಮತ್ತು ಮಾರಾಟದ ಜಾಲತಾಣದಲ್ಲಿ ಆ ಮುದ್ರಣದ ಪುಟಕ್ಕೆ ಹೋಗಿ ಹೋಲಿಸಿ. ಒಂದೇ ಆಲ್ಬಮ್ಮಿಗೆ ಹತ್ತಾರು ಪುಟಗಳಿರುತ್ತವೆ, ಬೇರೆ ಬೇರೆ ದೇಶ, ಬೇರೆ ಬೇರೆ ವರ್ಷ. ಸರಿಯಾದ ಪುಟ ಹಿಡಿಯುವುದೇ ಅರ್ಧ ಕೆಲಸ. ಬರೀ ಅಂಕಿ ಹೋಲಿಸಿದರೆ ಸಾಲದು, ಏಕೆಂದರೆ ಅಂಕಿ ಅಲ್ಲೇ ಬಹಿರಂಗವಾಗಿದೆ, ನಕಲು ಮಾಡುವವನೂ ಓದುತ್ತಾನೆ. ಕೈಬರಹವನ್ನು ಹೋಲಿಸಿ: 6ರ ಬಾಲ ಎತ್ತ ಬಾಗಿದೆ, ಅಂಕಿಗಳ ನಡುವಿನ ಅಂತರ ಎಷ್ಟು, ಗೀಚು ಲೇಬಲ್ಲಿಗೆ ಹತ್ತಿರವೋ ಹಾಡಿನ ಗೆರೆಗೆ ಹತ್ತಿರವೋ. 'ಅನಧಿಕೃತ' ಎಂದು ಗುರುತಿಸಿದ ನಕಲುಗಳಿಗೂ ಅಲ್ಲಿ ಪುಟಗಳಿವೆ, ಅವುಗಳ ಮಾರಾಟವನ್ನು ಮಾತ್ರ ತಡೆಹಿಡಿದಿದ್ದಾರೆ. ಮೊದಲು ಆ ಪುಟಗಳನ್ನೇ ಓದಿ. ಅಸಲಿಗೂ ನಕಲಿಗೂ ಇರುವ ವ್ಯತ್ಯಾಸವನ್ನು ಯಾರೋ ಪುಣ್ಯಾತ್ಮರು ಸಾಲುಸಾಲಾಗಿ ಬರೆದಿಟ್ಟಿರುತ್ತಾರೆ.

ತೂಕವೂ ಬಾಯಿ ಬಿಡುತ್ತದೆ. ಎಂಬತ್ತರ ದಶಕದ ಸಾಮಾನ್ಯ ಎಲ್‌ಪಿ ಸುಮಾರು 110ರಿಂದ 140 ಗ್ರಾಂ. ಅಡುಗೆಮನೆಯ ತಕ್ಕಡಿಯ ಮೇಲೆ ಬರೀ ತಟ್ಟೆಯಿಟ್ಟ ಫೋಟೋ ಕೇಳಿ. 180 ಗ್ರಾಂ ತೋರಿಸಿದರೆ ಅದು ಇತ್ತೀಚಿನ ಫ್ಯಾಷನ್ನಿನ ತಟ್ಟೆ. ಆದರೆ ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿ ಎನ್ನಬೇಡಿ.

ಇನ್ನು ಜಾಕೆಟ್ಟು. ಹತ್ತು ಪಟ್ಟು ಹಿಗ್ಗಿಸುವ ಸಣ್ಣ ಭೂತಗನ್ನಡಿ ಸಾಕು. ಮೂಲ ಮುದ್ರಣದಲ್ಲಿ ಚಿಕ್ಕ ಕಪ್ಪು ಅಕ್ಷರಗಳ ಅಂಚು ಕತ್ತರಿಸಿದಂತೆ ಚೊಕ್ಕವಾಗಿರುತ್ತದೆ. ಸ್ಕ್ಯಾನ್ ಮಾಡಿ ಮತ್ತೆ ಮುದ್ರಿಸಿದ್ದರಲ್ಲಿ ಅದೇ ಅಕ್ಷರ ಬಣ್ಣದ ಚುಕ್ಕಿಗಳ ಗುಂಪಾಗಿ ಒಡೆಯುತ್ತದೆ, ಅಂಚು ನೊರೆಯಂತೆ ಹರಡುತ್ತದೆ. ಫೋಟೋಗಳಿರುವ ಕಡೆ ಚುಕ್ಕಿಯ ಮೇಲೆ ಚುಕ್ಕಿ ಕೂತು ರೇಷ್ಮೆ ಸೀರೆಯ ಅಲೆಯಂಥ ವಿನ್ಯಾಸ ಏಳುತ್ತದೆ. ಕಪ್ಪು ಹಿನ್ನೆಲೆ ಬೂದಿಬೂದಿಯಾಗುತ್ತದೆ. ನಕಲು ಮಾಡಿದವನು ಬಳಸಿದ ಮೂಲಪ್ರತಿಯ ಸವೆತವೂ ಕೆಲವೊಮ್ಮೆ ಅಚ್ಚಾಗಿಬಿಟ್ಟಿರುತ್ತದೆ. ಬೆರಳಿಗೆ ಮಡಿಕೆ ಸಿಗುವುದಿಲ್ಲ, ಕಣ್ಣಿಗೆ ಮಾತ್ರ ಮಡಿಕೆ ಕಾಣುತ್ತದೆ. ಈ ತಟ್ಟೆಯ ಜಾಕೆಟ್ಟಿನಲ್ಲಿ ಸಿಕ್ಕದ್ದು ಅದೇ, ಮೂಲೆಯಲ್ಲೊಂದು ಅಚ್ಚಾದ ಸುಕ್ಕು.

ಕೇಳಿ ಪತ್ತೆ ಹಚ್ಚುವುದು ಈ ಸಂಗೀತದಲ್ಲಿ ಕಷ್ಟ. ಒರಟು ಧ್ವನಿಮುದ್ರಣವೇ ಈ ಪ್ರಕಾರದ ಚೆಲುವು, ಹಾಗಾಗಿ 'ಸದ್ದು ಕೆಟ್ಟದಾಗಿದೆ' ಎಂಬ ಮಾತಿಗೆ ಇಲ್ಲಿ ಅರ್ಥವೇ ಇಲ್ಲ. ಆದರೂ ಎರಡು ಸುಳಿವು ಉಂಟು. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಅಡ್ಡಗೀರು ಬಿದ್ದಿದ್ದರೆ 'ಟಕ್' ಸದ್ದು ಆ ಲಯದಲ್ಲೇ ಬರುತ್ತದೆ, ಗೀರೂ ಕಣ್ಣಿಗೆ ಬೀಳುತ್ತದೆ. ಮೇಲ್ಮೈ ಕನ್ನಡಿಯಂತಿದ್ದು, ತೊಳೆದ ಮೇಲೂ 1.8 ಸೆಕೆಂಡಿಗೊಮ್ಮೆ ಟಕ್ ಎಂದರೆ, ಬೇರೊಂದು ಸವೆದ ತಟ್ಟೆಯಿಂದ ಇದನ್ನು ಇಳಿಸಿಕೊಂಡಿರಬಹುದು. ಎರಡನೆಯದು, ಹಾಡನ್ನು ಕಂಪ್ಯೂಟರಿಗೆ ಇಳಿಸಿ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಮ್, ಅಂದರೆ ಸದ್ದಿನ ಏರಿಳಿತದ ಚಿತ್ರ, ತೆರೆಯಿರಿ. 16 ಕಿಲೋಹರ್ಟ್ಸ್ ಸುಮಾರಿನಲ್ಲಿ ತಾಳದ ಹೊಡೆತಗಳೆಲ್ಲ ಚಾಕುವಿನಿಂದ ಕೊಯ್ದಂತೆ ನಿಂತರೆ ಮೂಲ ಒಂದು ಅಗ್ಗದ ಎಂಪಿ3 ಇರಬಹುದು. ಗೆರೆ ಕಾಣದಿದ್ದರೆ ಅಸಲಿ ಎಂದು ಹಿಗ್ಗಬೇಡಿ, ನಕಲಿಗೆ ಸಿಡಿ ಬಳಸಿದರೆ ಆ ಗೆರೆ ಬರುವುದಿಲ್ಲ.

ಬೂಟ್‌ಲೆಗ್ಗೆಲ್ಲ, ಅಂದರೆ ಅನುಮತಿಯಿಲ್ಲದೆ ಹೊರತಂದ ರೆಕಾರ್ಡುಗಳೆಲ್ಲ, ಒಂದೇ ಜಾತಿಯಲ್ಲ ಎಂಬುದೂ ಗೊತ್ತಿರಲಿ. ಅಧಿಕೃತ ರೆಕಾರ್ಡಿನ ವೇಷ ಹಾಕಿ ಬರುವುದು ಕೌಂಟರ್‌ಫಿಟ್. ತಂಡವೇ ಹೊರತರದ ಕಛೇರಿಯ ಧ್ವನಿಮುದ್ರಣವನ್ನು ಯಾರೋ ಹೊರತಂದರೆ ಅದು ಹಳೆಯ ಅರ್ಥದ ಬೂಟ್‌ಲೆಗ್, ಅದಕ್ಕೂ ಸಂಗ್ರಹಕಾರರಿದ್ದಾರೆ. ನಾರ್ವೆಯ ಮೇಹೆಮ್ ತಂಡ 1990ರಲ್ಲಿ ಸಾರ್ಪ್ಸ್‌ಬೋರ್ಗ್‌ನಲ್ಲಿ ನುಡಿಸಿದ್ದನ್ನು 1995ರಲ್ಲಿ ಕೊಲಂಬಿಯಾದಲ್ಲಿ ಬೂಟ್‌ಲೆಗ್ ಎಲ್‌ಪಿಯಾಗಿ ಒತ್ತಿದರು, ಕೇವಲ 300 ಪ್ರತಿ. ಈಗ ಆ ಬೂಟ್‌ಲೆಗ್ಗಿಗೇ ಲೆಕ್ಕವಿಲ್ಲದಷ್ಟು ನಕಲು. ಕಳ್ಳನ ಮನೆಗೆ ಕಳ್ಳ ನುಗ್ಗಿದ ಕತೆ. '300ರಲ್ಲಿ ಒಂದು' ಎಂದು ಯಾರಾದರೂ ಅದನ್ನು ತೋರಿಸಿದರೆ ಮೊದಲು ನಗಿ, ಆಮೇಲೆ ರನೌಟ್ ಕೇಳಿ.

ಸಿಡಿಯಲ್ಲಿ ಒಂದು ಸುಲಭದ ಪರೀಕ್ಷೆ ಇದೆ. ಬೆಳ್ಳಿ ಬದಿಯ ನಡುವಿನ ತೂತಿನ ಸುತ್ತ ಐಎಫ್‌ಪಿಐ (ರೆಕಾರ್ಡ್ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ) ಎಂಬ ಅಕ್ಷರ, ಆಮೇಲೆ ಸಣ್ಣ ಸಂಕೇತ ಇದೆಯೇ ನೋಡಿ. ಆ ಪದ್ಧತಿ ಬಂದದ್ದು 1994ರ ಹೊತ್ತಿಗೆ. '1991ರ ಮೊದಲ ಮುದ್ರಣ' ಎಂದು ಮಾರುವ ಸಿಡಿಯ ಮೇಲೆ ಅದು ಕಂಡರೆ ಹೇಳಿದ ವರ್ಷ ಸುಳ್ಳು. ತಳ ನೇರಳೆ ಅಥವಾ ಹಸಿರು ಮಿಶ್ರಿತವಾಗಿ ಹೊಳೆದರೆ ಅದು ಮನೆಯಲ್ಲಿ ಸುಟ್ಟ ಸಿಡಿ-ಆರ್.

ತಂಡಗಳು ತಾವೇ ಮಾಡಿ ಹಂಚಿದ ಡೆಮೊ ಕ್ಯಾಸೆಟ್ಟಿನ ವಿಚಾರ ಬೇರೆಯೇ. ಹಳೆಯ ಡೆಮೊಗಳ ಹೊದಿಕೆ ಮೂಲದಲ್ಲೇ ಜೆರಾಕ್ಸ್, ಧ್ವನಿ ಮೂಲದಲ್ಲೇ ಮನೆಯ ಡೆಕ್ಕಿನಲ್ಲಿ ನಕಲು ಮಾಡಿದ್ದು. ನಕಲಿಯವನೂ ಮಾಡುವುದು ಅದನ್ನೇ. ಹಾಗಾಗಿ ವಸ್ತುವನ್ನು ನೋಡಿ ತೀರ್ಮಾನಿಸುವುದು ಬಹುತೇಕ ಆಗದ ಮಾತು. ಕ್ಯಾಸೆಟ್ಟಿನ ಜೊತೆ ಆ ಕಾಲದ ಅಂಚೆ ಮುದ್ರೆಯಿರುವ ಲಕೋಟೆ, ತಂಡದವರ ಪತ್ರ, ಕರಪತ್ರ ಏನಾದರೂ ಇದ್ದರೆ ಮಾತ್ರ ದೊಡ್ಡ ಬೆಲೆಯ ಮಾತು. ಇಲ್ಲದಿದ್ದರೆ ಖಾಲಿ ಕ್ಯಾಸೆಟ್ಟಿನ ಬೆಲೆಗಿಂತ ತುಸು ಜಾಸ್ತಿ ಕೊಟ್ಟು ಹಾಡು ಕೇಳಿ.

ದುಡ್ಡು ಕೊಡುವ ದಾರಿಯಲ್ಲೇ ಈ ಕೊಳ್ಳುಗರು ಎರಡನೇ ಸಲ ಎಡವಿದರು. 'ಭಾರತದಲ್ಲಿ ನನ್ನ ಗೆಳೆಯನಿದ್ದಾನೆ, ಅವನ ಯುಪಿಐಗೆ ಹಾಕಿ' ಎಂದ ಮಾತು ನಂಬಿದರು. ಅಪರಿಚಿತನಿಗೆ ನೀವೇ ಪಿನ್ ಒತ್ತಿ ಕಳಿಸಿದ ಹಣವನ್ನು 'ವಸ್ತು ಸರಿಯಿಲ್ಲ' ಎಂಬ ಕಾರಣಕ್ಕೆ ಬ್ಯಾಂಕು ವಾಪಸು ತರಿಸುವುದಿಲ್ಲ. ವಿದೇಶದವರ ಜೊತೆ ಪೇಪ್ಯಾಲ್‌ನ ಸರಕು ಪಾವತಿಯನ್ನೇ ಬಳಸಿ. ಹೇಳಿದ್ದೊಂದು ಬಂದದ್ದೊಂದು ಆದರೆ ಹಣ ಕಟ್ಟಿದ 180 ದಿನದೊಳಗೆ ದೂರು ಹಾಕಬಹುದು. 'ಫ್ರೆಂಡ್ಸ್ ಅಂಡ್ ಫ್ಯಾಮಿಲಿ' ದಾರಿಗೆ ಈ ರಕ್ಷಣೆ ಇಲ್ಲ, ಕಮಿಷನ್ ಉಳಿಸುತ್ತೇನೆ ಎಂದು ಆ ಕಡೆ ಎಳೆಯುವವನಿಂದ ದೂರವಿರಿ. ಮೋಸವಾದದ್ದು ಗೊತ್ತಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೂ ಆ ಖಾತೆಯಲ್ಲೇ ಇದ್ದರೆ ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. ಐದು ವಾರದ ಮೇಲೆ ಅಲ್ಲ.

ಪಾರ್ಸೆಲ್ ಮೇಲೆ 'ಗಿಫ್ಟ್, 10 ಯುರೋ' ಎಂದು ಬರೆಯುತ್ತೇನೆ ಅನ್ನುವವರೂ ಸಿಗುತ್ತಾರೆ. ಒಪ್ಪಬೇಡಿ. ಸುಳ್ಳು ಘೋಷಣೆ ಸಿಕ್ಕಿಬಿದ್ದರೆ ಪೊಟ್ಟಣ ಕಸ್ಟಮ್ಸ್‌ನಲ್ಲೇ ಕೂರುತ್ತದೆ, ಕಳೆದುಹೋದರೆ ವಿಮೆ ಬರೆದ ಬೆಲೆಗೇ ಸಿಗುವುದು. ಸುಂಕ ಲೆಕ್ಕ ಹಾಕುವಾಗ ವಸ್ತುವಿನ ಬೆಲೆಗೆ ಸಾಗಣೆ ಖರ್ಚನ್ನೂ ಸೇರಿಸುತ್ತಾರೆ ಎಂಬುದನ್ನು ಮೊದಲೇ ಬಜೆಟ್ಟಿಗೆ ಹಾಕಿಕೊಳ್ಳಿ.

ರೆಕಾರ್ಡಿನ ಸ್ಥಿತಿಗೆ ಮಾರುವವನು ಕೊಡುವ 'ವಿಜಿ ಪ್ಲಸ್' ಎಂಬ ದರ್ಜೆಯನ್ನೂ ನಂಬಿ ಕೂರಬೇಡಿ. ಸಂಗ್ರಹಕಾರರ ಪತ್ರಿಕೆ ಗೋಲ್ಡ್‌ಮೈನ್‌ನ ದರ್ಜೆಪಟ್ಟಿಯಲ್ಲಿ ಮಿಂಟ್, ನಿಯರ್ ಮಿಂಟ್, ವಿಜಿ ಪ್ಲಸ್, ವಿಜಿ, ಹೀಗೆ ಇಳಿಯುತ್ತದೆ. 'ವೆರಿ ಗುಡ್' ಎಂಬ ವಿಜಿ ತಟ್ಟೆ ಹಾಡಿನ ಮೆಲುದನಿಯ ಭಾಗದಲ್ಲಿ ಚರಚರ ಎನ್ನುತ್ತದೆ, ಹೆಸರು ಮಾತ್ರ ವೆರಿ ಗುಡ್. ಜಾಕೆಟ್ಟಿಗೂ ತಟ್ಟೆಗೂ ಬೇರೆ ಬೇರೆ ದರ್ಜೆ ಕೇಳಿ, ಬರೀ ಕಣ್ಣಲ್ಲಿ ನೋಡಿದ್ದೋ ನುಡಿಸಿ ನೋಡಿದ್ದೋ ಎಂದೂ ಕೇಳಿ. ಕಳಿಸುವಾಗ ತಟ್ಟೆಯನ್ನು ಜಾಕೆಟ್ಟಿನಿಂದ ಹೊರತೆಗೆದು ಹಿಂದೆ ಇಡಲು ಹೇಳಿ. ಒಳಗಿದ್ದರೆ ಪೊಟ್ಟಣ ಬಿದ್ದಾಗ ತಟ್ಟೆಯ ಅಂಚು ಜಾಕೆಟ್ಟಿನ ಅಂಟಿಸಿದ ಅಂಚನ್ನು ಸೀಳಿಕೊಂಡು ಹೊರಬರುತ್ತದೆ. ಎರಡೂ ಬದಿಗೆ ರಟ್ಟು, ಒಂದರ ಗೆರೆ ಉದ್ದಕ್ಕಿದ್ದರೆ ಇನ್ನೊಂದರದು ಅಡ್ಡಕ್ಕೆ. ಬಿಚ್ಚುವಾಗ ವಿಳಾಸದ ಚೀಟಿಯಿಂದ ಹಿಡಿದು ರನೌಟಿನವರೆಗೆ ತುಂಡರಿಸದ ಒಂದೇ ವಿಡಿಯೊ ಮಾಡಿಕೊಳ್ಳಿ. ದೂರಿಗೆ ಅದೇ ಸಾಕ್ಷಿ.

ಅಸಲಿ ಸಿಕ್ಕವರೂ ಅದನ್ನು ಮನೆಯಲ್ಲೇ ಕೊಲ್ಲುತ್ತಾರೆ. ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರಿನ ಮುಳ್ಳು 5 ಗ್ರಾಂ ಆಸುಪಾಸಿನ ಭಾರ ಹಾಕಿ ಗೆರೆಗಳನ್ನು ಉಳುತ್ತದೆ. ಒಳ್ಳೆಯ ಮುಳ್ಳಿಗೆ ಸಾಕಾಗುವುದು 2 ಗ್ರಾಂ ಸುಮಾರು. ದಪ್ಪನೆಯ, ವಾಸನೆ ಬರುವ ಪಿವಿಸಿ ಹೊದಿಕೆಯಲ್ಲಿಟ್ಟರೆ ಅದರ ರಾಸಾಯನಿಕ ತಟ್ಟೆಗೆ ಇಳಿದು ಮಂಜು ಕವಿದಂಥ ಕಲೆಯಾಗುತ್ತದೆ. ತೊಳೆದರೂ ಹೋಗುವುದಿಲ್ಲ, ಸ್ಸ್ ಎಂಬ ಸದ್ದು ಉಳಿಯುತ್ತದೆ. ಪಾಲಿಪ್ರೊಪಿಲೀನ್ ಹೊದಿಕೆ ತನ್ನಿ. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಹೊರಗೋಡೆಗೆ ತಾಗಿಸಿ ಇಡಬೇಡಿ, ಜಾಕೆಟ್ಟಿಗೆ ಬೂಷ್ಟು ಹಿಡಿಯುತ್ತದೆ.

ಆ ಹಳದಿ ಹೋತ ಮಾತ್ರ ಈಗ ಗೋಡೆಯ ಚೌಕಟ್ಟಿನಲ್ಲಿದೆ. ಲೇಬಲ್ಲಿನ ಮೇಲೂ ಜಾಕೆಟ್ಟಿನ ಹಿಂಬದಿಯಲ್ಲೂ ಅಳಿಸಲಾಗದ ಮಾರ್ಕರಿನಿಂದ ದಪ್ಪ ಅಕ್ಷರದಲ್ಲಿ 'ನಕಲಿ' ಎಂದು ಬರೆದಿದ್ದಾರೆ, ಇನ್ನೊಬ್ಬರ ಕೈಗೆ ಅಸಲಿಯ ಹೆಸರಲ್ಲಿ ಹೋಗದಿರಲಿ ಎಂದು.