ಚೀವ್ನಿಂಗ್ ಬೇಕೋ, ಫುಲ್‌ಬ್ರೈಟ್ ಬೇಕೋ?

ಎರಡೂ ಸರ್ಕಾರಿ ದುಡ್ಡಿನ ಸ್ಕಾಲರ್‌ಶಿಪ್. ಎರಡರಲ್ಲೂ ಮಾಸ್ಟರ್ಸ್ ಓದಬಹುದು. ಆದರೆ ಎರಡೂ ಒಂದೇ ಥರದವರಿಗಲ್ಲ.

ಚೀವ್ನಿಂಗ್ ಬ್ರಿಟನ್ ಸರ್ಕಾರದ್ದು, 1983ರಲ್ಲಿ ಶುರುವಾದದ್ದು. ಒಂದು ವರ್ಷದ ಕೋರ್ಸ್. 2,800 ಗಂಟೆ ಕೆಲಸದ ಅನುಭವ ಬೇಕು, ಅಂದರೆ ಸುಮಾರು ಎರಡು ವರ್ಷ. ಇದರಲ್ಲಿ ಇಂಟರ್ನ್‌ಶಿಪ್ ಮತ್ತು ಸಂಬಳವಿಲ್ಲದ ಸ್ವಯಂಸೇವೆಯೂ ಸೇರುತ್ತದೆ. ಎನ್‌ಜಿಒದಲ್ಲಿ ಸುಮ್ನೆ ದುಡಿದೆ ಅಂತ ಬೇಸರ ಪಡುವವರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ ಅಲ್ವಾ?

ಭಾರತೀಯರು ಅಮೆರಿಕದಲ್ಲಿ ಓದಲು ಸಿಗುವ ಫುಲ್‌ಬ್ರೈಟ್‌ನ ಹೆಸರು ಫುಲ್‌ಬ್ರೈಟ್-ನೆಹರು. ಇದು ಸ್ವಲ್ಪ ಬಿಗಿ. ಭಾರತ ಮತ್ತು ಅಮೆರಿಕ ಸೇರಿ ಹಣ ಹಾಕುತ್ತವೆ. ಓದು ಎರಡು ವರ್ಷದವರೆಗೂ ನಡೆಯಬಹುದು. ಆದರೆ ಮೂರು ವರ್ಷ ಪೂರ್ಣಾವಧಿ ಕೆಲಸ ಮಾಡಿರಬೇಕು. ಪದವಿಯಲ್ಲಿ ಕನಿಷ್ಠ 55% ಅಂಕ ಇರಬೇಕು. ನಮ್ಮಲ್ಲಿ ಜಾಸ್ತಿ ಜನ ಎಡವುವುದು ಇನ್ನೊಂದು ಕಡೆ: ಮೂರು ವರ್ಷದ ಬಿ.ಎ., ಬಿ.ಕಾಂ. ಮಾತ್ರ ಇದ್ದರೆ ಸಾಲದು, ಅಮೆರಿಕದ ನಾಲ್ಕು ವರ್ಷದ ಪದವಿಗೆ ಸಮನಾದ ಓದು ಬೇಕು. ವಿಷಯಗಳೂ ಸೀಮಿತ. ಸಾರ್ವಜನಿಕ ಆರೋಗ್ಯ, ಪರಿಸರ, ನಗರ ಯೋಜನೆಯಂಥವು ಇವೆ.

ಎರಡರಲ್ಲೂ ಓದು ಮುಗಿದ ಮೇಲೆ ಭಾರತಕ್ಕೆ ಮರಳಿ ಎರಡು ವರ್ಷ ಇರಬೇಕೆಂಬ ಷರತ್ತು ಇದೆ. ಅಲ್ಲೇ ಕೆಲಸ ಹಿಡಿಯುವ ಆಸೆ ಇದ್ದರೆ ದಯವಿಟ್ಟು ಈಗಲೇ ಯೋಚಿಸಿ.

ಬೇಗ ಓದಿ ಕೆಲಸಕ್ಕೆ ವಾಪಸ್ ಬರಬೇಕು ಎನ್ನುವವರಿಗೆ ನಾನು ಚೀವ್ನಿಂಗ್ ಹೇಳುತ್ತೇನೆ. ನಗರ ಯೋಜನೆಯಂಥ ವಿಷಯದಲ್ಲಿ ಆಳವಾಗಿ ಇಳಿಯಬೇಕಾದರೆ ಫುಲ್‌ಬ್ರೈಟ್‌ಗೆ ಇನ್ನೊಂದು ವರ್ಷ ಕಾದರೂ ಪರವಾಗಿಲ್ಲ.