ಹೊಸ ಟೈರ್ ಹಾಕಿಸಲು ಮೂರು ದಾರಿ: ಷೋರೂಂ, ಮನೆಬಾಗಿಲಿನ ವ್ಯಾನ್, ಹಳೆಯ ಟೈರ್ ಅಂಗಡಿ

ಮುಂದಿನ ಸಲ ಟೈರ್ ಬದಲಿಸಬೇಕಾದಾಗ ನಾನು ಹೋಗುವುದು ಮೈಸೂರಿನ ಬನ್ನಿಮಂಟಪದ ಕಡೆ ಇರುವ, ಇಬ್ಬರೇ ಸೇರಿ ನಡೆಸುವ ಹಳೆಯ ಟೈರ್ ಅಂಗಡಿಗೆ. ಕಳೆದ ಒಂದೂವರೆ ವರ್ಷದಲ್ಲಿ ನನ್ನ ಡಿಜೈರ್‌ಗೆ ದೊಡ್ಡ ಷೋರೂಂ ಒಂದರಲ್ಲಿ ನಾಲ್ಕು ಟೈರ್ ಹಾಕಿಸಿದೆ, ತಂದೆಯವರ ಕಾರಿಗೆ ಮನೆಬಾಗಿಲಿಗೇ ಬರುವ ವ್ಯಾನಿನವರಿಂದ ಎರಡು ಹಾಕಿಸಿದೆ, ಆ ಎರಡೂ ಕಾರುಗಳನ್ನು ಕೊನೆಗೆ ಈ ಹಳೆಯ ಅಂಗಡಿಗೆ ಒಯ್ದು ಸರಿಮಾಡಿಸಿದೆ. ಟೈರ್ ಯಾವ ಕಂಪನಿಯದು ಎಂಬುದಕ್ಕಿಂತ ಅದನ್ನು ಕೂರಿಸುವ ಕೈ ಯಾವುದು ಎಂಬುದು ಮುಖ್ಯ ಎನ್ನುವುದು ನನಗೆ ಮನವರಿಕೆಯಾದದ್ದು ಹೀಗೆ.

ಷೋರೂಂನಲ್ಲಿ 185/65 ಆರ್15 ಅಳತೆಯ ನಾಲ್ಕು ಟೈರ್‌ಗಳಿಗೆ ಫಿಟ್ಟಿಂಗ್ ಮತ್ತು ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮನಾಗುವಂತೆ ರಿಮ್ಮಿಗೆ ಸಣ್ಣ ತೂಕದ ಪಟ್ಟಿ ಅಂಟಿಸುವುದು) ಸೇರಿ 22,400 ರೂಪಾಯಿ ಆಯಿತು. ಊರೊಳಗೆ ಒಂದು ವಾರ ಯಾವ ತೊಂದರೆಯೂ ಕಾಣಲಿಲ್ಲ. ಆದರೆ ಬೆಂಗಳೂರು ಹೆದ್ದಾರಿ ಹಿಡಿದು ಮದ್ದೂರು ದಾಟುವಷ್ಟರಲ್ಲಿ, ವೇಗ 85 ಮುಟ್ಟಿದೊಡನೆ ಸ್ಟೀರಿಂಗ್ ಸಣ್ಣಗೆ ನಡುಗತೊಡಗಿತು, 95ರಲ್ಲಿ ಅಂಗೈ ಜುಮ್ಮೆನ್ನುವಷ್ಟಾಯಿತು. ಮರಳಿ ಷೋರೂಂಗೆ ಹೋದೆ. ಚಕ್ರ ಬಿಚ್ಚಿ ಯಂತ್ರಕ್ಕೆ ಹಾಕಿ ತಿರುಗಿಸಿದರು, ಎರಡೂ ಬದಿಗೆ ಸೊನ್ನೆ, ಅಂದರೆ ತೂಕದ ವ್ಯತ್ಯಾಸವಿಲ್ಲ ಎಂದು, ತೋರಿಸಿದರು, ಹೊಸ ಟೈರ್ ಐನೂರು ಕಿಲೋಮೀಟರ್ ಓಡಿದರೆ ತಾನಾಗಿ ಹೊಂದಿಕೊಳ್ಳುತ್ತದೆ ಎಂದರು. ಎರಡನೆಯ ಸಲ ಹೋದಾಗ ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ ಸರಿಪಡಿಸುವುದು) ಮಾಡಿಸಿ ಎಂದರು, ಮಾಡಿಸಿದೆ. ಅಲೈನ್‌ಮೆಂಟ್ ತಪ್ಪಿದ ಕಾರು ಒಂದು ಬದಿಗೆ ಎಳೆಯುತ್ತದೆ, ಟೈರಿನ ಅಂಚು ಬೇಗ ಸವೆಯುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಕಾಣಿಸಿಕೊಳ್ಳುವ ನಡುಕ ಸಾಮಾನ್ಯವಾಗಿ ಬ್ಯಾಲೆನ್ಸಿಂಗ್‌ನ ದೋಷ. ನಡುಕ ಹಾಗೆಯೇ ಉಳಿಯಿತು.

ಹಳೆಯ ಅಂಗಡಿಯ ಯಜಮಾನರು ಎಲ್ಲವನ್ನೂ ಕೇಳಿಸಿಕೊಂಡು ಮುಂದಿನ ಎಡ ಚಕ್ರವನ್ನು ಬಿಚ್ಚಿ ತಮ್ಮ ಯಂತ್ರಕ್ಕೆ ಹಾಕಿದರು. ಮೊದಲು ಷೋರೂಂನವರು ಹಾಕಿದಂತೆಯೇ, ರಿಮ್ಮಿನ ಹೊರಬದಿಯ ನಡುರಂಧ್ರಕ್ಕೆ ಕೋನ್ (ಚಕ್ರವನ್ನು ಯಂತ್ರದ ಅಚ್ಚಿನ ನಡುವಿಗೆ ಕೂರಿಸುವ ಶಂಕುವಿನಾಕಾರದ ಬಿಡಿಭಾಗ) ಒತ್ತಿ ತಿರುಗಿಸಿದರು; ಸೊನ್ನೆಯೇ ಬಂತು. ಆಮೇಲೆ ಚಕ್ರವನ್ನು ಸಡಿಲಿಸಿ, ಅದೇ ಅಚ್ಚಿನ ಮೇಲೆ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ನೋಡಿದರೆ 25 ಗ್ರಾಂ ವ್ಯತ್ಯಾಸ ತೋರಿಸಿತು. “ಮೆಷಿನ್ ಸುಳ್ಳು ಹೇಳಿಲ್ಲ ಸರ್, ಚಕ್ರ ಕೂತದ್ದೇ ಸೊಟ್ಟ” ಎಂದರು. ಅಲಾಯ್ ರಿಮ್ಮಿನ ಹೊರಬದಿಯ ಅಂಚು ಕ್ಯಾಪ್ ಕೂರಲೆಂದು ಇರುವುದು, ಅದು ನಡುವಿಗೆ ಸರಿಯಾಗಿ ಹೊಂದಿರಲೇಬೇಕೆಂದಿಲ್ಲ. ಕಾರಿನ ಹಬ್ಬಿಗೆ (ಚಕ್ರವನ್ನು ಕೂರಿಸಿ ನಟ್ ಬಿಗಿಯುವ ಭಾಗ) ತಾಗುವ ಒಳಬದಿಯ ರಂಧ್ರವನ್ನು ಕರಾರುವಾಕ್ಕಾಗಿ ಕಡೆದಿರುತ್ತಾರೆ. ಆದ್ದರಿಂದ ಕೋನ್ ಒಳಗಡೆಯಿಂದ ಬರಬೇಕು. ಹೊರಗಡೆಯಿಂದ ಹಾಕಿದಾಗ ಚಕ್ರ ಯಂತ್ರದ ಮೇಲೆ ಒಂದು ನಡುವನ್ನು ಹಿಡಿದು ತಿರುಗುತ್ತದೆ, ಕಾರಿನಲ್ಲಿ ಇನ್ನೊಂದನ್ನು.

25 ಗ್ರಾಂ ಎಂದರೆ ಏನು ಮಹಾ ಎಂದು ಅನ್ನಿಸಬಹುದು. ಈ ಅಳತೆಯ ಟೈರ್ 100 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಹದಿನಾಲ್ಕು ಸುತ್ತು ತಿರುಗುತ್ತದೆ. ಆಗ ರಿಮ್ಮಿನ ಅಂಚಿನಲ್ಲಿರುವ ಬರೀ 20 ಗ್ರಾಂ ವ್ಯತ್ಯಾಸವೂ ಸುಮಾರು ಮೂರು ಕಿಲೋ ತೂಕದಷ್ಟು ಬಲದಿಂದ ಚಕ್ರವನ್ನು ಹೊರಕ್ಕೆ ಎಳೆಯುತ್ತದೆ. 40ರ ವೇಗದಲ್ಲಿ ಅದೇ ಬಲ ಅರ್ಧ ಕಿಲೋದಷ್ಟಕ್ಕೆ ಇಳಿಯುತ್ತದೆ. ಮೈಸೂರಿನ ಬೀದಿಗಳಲ್ಲಿ ವಾರವಿಡೀ ಓಡಾಡಿದರೂ ನನಗೆ ಏನೂ ತಿಳಿಯದೆ ಹೋದದ್ದಕ್ಕೆ ಕಾರಣ ಇಷ್ಟೇ.

ಅವರು ನಾಲ್ಕೂ ಚಕ್ರಗಳ ಹಳೆಯ ತೂಕದ ಪಟ್ಟಿಗಳನ್ನು ಕಿತ್ತು, ಅಂಟಿನ ಕಲೆ ಒರೆಸಿ, ಹೊಸದಾಗಿ ಬ್ಯಾಲೆನ್ಸ್ ಮಾಡಿದರು. ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿದರು, ಏಕೆಂದರೆ ಅಲ್ಲಿ ತುಕ್ಕು ಉಳಿದರೆ ಬ್ಯಾಲೆನ್ಸ್ ಆದ ಚಕ್ರವೂ ವಾಲಿ ಕೂರುತ್ತದೆ. ಒಂದು ಟೈರನ್ನು ರಿಮ್ಮಿನಿಂದ ಸಡಿಲಿಸಿ, ಅದರ ಮೇಲಿದ್ದ ಹಳದಿ ಚುಕ್ಕೆ ವಾಲ್ವಿನ ನೇರಕ್ಕೆ ಬರುವಂತೆ ತಿರುಗಿಸಿ ಕೂರಿಸಿದರು. ಆ ಚುಕ್ಕೆ ಟೈರಿನ ಅತಿ ಹಗುರ ಭಾಗದ ಗುರುತು. ನಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಎದುರುಬದುರಾಗಿ ಬಿಗಿದು, ಕೊನೆಗೆ ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಕಾರಿನ ಕೈಪಿಡಿಯ ಅಳತೆಗೆ ತಂದರು. ಷೋರೂಂನಲ್ಲಿ ನಟ್ ಬಿಗಿಯುವ ಗನ್ ಯಂತ್ರದಿಂದ ಬಿಗಿದ ನಟ್‌ಗಳಲ್ಲಿ ಎರಡನ್ನು ಬಿಚ್ಚಲು ಅವರು ಪೈಪು ಹಾಕಿ ತುಳಿಯಬೇಕಾಯಿತು. ರಾತ್ರಿ ರಸ್ತೆಬದಿಯಲ್ಲಿ ಪಂಕ್ಚರ್ ಆಗಿದ್ದರೆ ನನ್ನ ಕೈಯಲ್ಲಿ ಅದು ಆಗುವ ಕೆಲಸವಾಗಿರಲಿಲ್ಲ. ಇಷ್ಟಕ್ಕೂ ತೆಗೆದುಕೊಂಡದ್ದು 600 ರೂಪಾಯಿ. ನೂರು ಕಿಲೋಮೀಟರ್ ಓಡಿಸಿ ಬನ್ನಿ, ನಟ್ ಮತ್ತೊಮ್ಮೆ ನೋಡೋಣ ಎಂದರು, ಹೋದಾಗ ನೋಡಿದರು. ನಡುಕ ಆವತ್ತೇ ಹೋಗಿತ್ತು.

ವ್ಯಾನಿನವರ ಬಗ್ಗೆ ನನಗೆ ಅಂಥ ದೂರಿಲ್ಲ. ಬಂದ ಟೈರ್‌ಗಳು ಅತ್ಯಂತ ಹೊಸವಾಗಿದ್ದವು, ತಯಾರಾಗಿ ಎರಡು ತಿಂಗಳೂ ಆಗಿರಲಿಲ್ಲ. ಟಾರ್ಕ್ ರೆಂಚ್ ಅವರ ಬಳಿಯೂ ಇತ್ತು. ಆದರೆ ನಮ್ಮ ಬೀದಿ ಇಳಿಜಾರು, ಯಂತ್ರವಿದ್ದದ್ದು ವ್ಯಾನಿನ ನೆಲದ ಮೇಲೆ, ಯಾರಾದರೂ ಹತ್ತಿ ಇಳಿದಾಗ ಅದು ಅಲುಗಾಡುತ್ತಿತ್ತು. ಹೀಗಾಗಿ ಒಂದೇ ಚಕ್ರಕ್ಕೆ ಮೂರು ಸಲ ಮೂರು ಅಂಕಿ ಬಂತು. ಇದಕ್ಕಿಂತ ದೊಡ್ಡ ತಪ್ಪೆಂದರೆ ಎರಡು ಹೊಸ ಟೈರ್‌ಗಳನ್ನೂ ಮುಂದಕ್ಕೆ ಹಾಕಿ ಹೋದದ್ದು. ಎರಡೇ ಹೊಸದಾದರೆ ಅವು ಹಿಂದಕ್ಕೆ ಹೋಗಬೇಕು. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು ನಿಭಾಯಿಸಬಹುದು, ಹಿಂದಿನದು ಜಾರಿದರೆ ಕಾರೇ ತಿರುಗಿ ನಿಲ್ಲುತ್ತದೆ. ಎಪ್ಪತ್ತು ದಾಟಿದ ತಂದೆಯವರು ಓಡಿಸುವ ಕಾರು ಅದು, ಆದ್ದರಿಂದ ಮರುದಿನವೇ ಹಳೆಯ ಅಂಗಡಿಗೆ ಒಯ್ದು ಅದಲುಬದಲು ಮಾಡಿಸಿದೆ.

ಟೈರಿಗೆ ಗಾಳಿಯ ಬದಲು ತುಂಬುವ ನೈಟ್ರೋಜನ್‌ಗೆ ಷೋರೂಂನಲ್ಲಿ ಬೇರೆ ದುಡ್ಡು. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ಅದಿದೆ, ನಾನು ಮತ್ತೆ ಕೊಡುವುದಿಲ್ಲ.

ಹಳೆಯ ಅಂಗಡಿಯಲ್ಲೂ ಕೊರತೆಗಳಿವೆ. ಅಲೈನ್‌ಮೆಂಟ್ ಯಂತ್ರವಿಲ್ಲ, ಅದಕ್ಕೆ ಬೇರೆಡೆ ಹೋಗಬೇಕು. ಬೆಳಿಗ್ಗೆ ಹೋದರೆ ಮಧ್ಯಾಹ್ನವಾಗುತ್ತದೆ. ಟೈರಿನ ಬದಿಯಲ್ಲಿರುವ ನಾಲ್ಕಂಕಿಯ ತಾರೀಖನ್ನು, ಅಂದರೆ 2324 ಎಂದಿದ್ದರೆ 2024ರ 23ನೇ ವಾರ ಎಂಬುದನ್ನು, ನಾವೇ ನಿಂತು ಓದಬೇಕು; ಸ್ನೇಹಿತರೊಬ್ಬರಿಗೆ ಅಲ್ಲಿ ತೋರಿಸಿದ ಟೈರ್ ಹದಿನಾಲ್ಕು ತಿಂಗಳು ಹಳೆಯದಾಗಿತ್ತು, ಕೇಳಿದ ಮೇಲೆ ಬೇರೆಯದನ್ನು ತರಿಸಿಕೊಟ್ಟರು.

ತಿಂಗಳಿಗೆ ಎರಡು ಸಲ ಹೆದ್ದಾರಿಯಲ್ಲಿ 100ರ ಮಿತಿಯ ಹತ್ತಿರ ಓಡಿಸುವ ನನಗೆ ಅರ್ಧ ದಿನ ಕಾಯುವುದು ಹೊರೆಯಲ್ಲ. ಊರು ಬಿಟ್ಟು ಹೊರಗೆ ಹೋಗದವರಿಗೆ, ಮನೆಯ ಮುಂದೆ ಸಮತಟ್ಟಾದ ಜಾಗವಿದ್ದರೆ, ವ್ಯಾನ್ ಸಾಕು. ಷೋರೂಂಗೇ ಹೋಗುವುದಾದರೆ ಸೊನ್ನೆ ಬಂದ ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ತೋರಿಸಿ ಎಂದು ಕೇಳಿ. ಅದಕ್ಕೆ ಎರಡು ನಿಮಿಷ ಸಾಕು.