ಜೀನ್ಸ್ ಸ್ಟಾಕಿಗೆ ಬ್ಲಾಗರ್, ವರ್ಡ್‌ಪ್ರೆಸ್, ಜಾಂಗೊ: ಮೂರನ್ನೂ ಬಳಸಿ ನೋಡಿದ್ದು

ಬಳ್ಳಾರಿಯಲ್ಲಿ ನಮ್ಮ ಚಿಕ್ಕಪ್ಪನದು ಜೀನ್ಸ್ ಹೊಲಿಯುವ ಯೂನಿಟ್. ಫೋಟೊ ತೋರಿಸುವ ಸೈಟ್ ಇದ್ದರೆ ಅವರಿಗೆ ಸಾಲದು. ರಾಯಚೂರಿನ ಡೀಲರ್ ಲಾಗಿನ್ ಆದರೆ ಅವನ ರೇಟೇ ಕಾಣಬೇಕು, ಸ್ಟಾಕ್ ಗೊತ್ತಾಗಬೇಕು. 28ರಿಂದ 36ರವರೆಗೆ ಐದು ಸೈಜ್ ಸೇರಿ ಒಂದು ಸೆಟ್. ಬಿಡಿ ಮಾರಾಟ ಇಲ್ಲ.

ಬ್ಲಾಗರ್ ಅಂದರೆ ಗೂಗಲ್‌ನ ಬ್ಲಾಗ್ ಸೇವೆ. ಅದಕ್ಕೆ ದುಡ್ಡು ಬೇಡ, ಹೋಸ್ಟಿಂಗ್ ತಲೆನೋವೂ ಇಲ್ಲ. ಆದರೆ ಪೋಸ್ಟಿನ ವಿಳಾಸದಲ್ಲೇ ವರ್ಷ, ತಿಂಗಳು ಕೂತಿರುತ್ತದೆ. ಈಗಲೂ ಓಡುವ ಡಿಸೈನ್ ಹಳೇ ಮಾಲಿನಂತೆ ಕಾಣುತ್ತದೆ. ಸರ್ವರ್‌ನಲ್ಲಿ ನಮ್ಮ ಕೋಡ್ ಓಡಿಸುವ ಹಾಗಿಲ್ಲ. ಬ್ಲಾಗನ್ನು ಖಾಸಗಿ ಮಾಡಬಹುದು, ಆದರೆ ಒಳಗೆ ಬಂದವರಿಗೆಲ್ಲ ಕಾಣುವುದು ಒಂದೇ. ಡೀಲರ್ ರೇಟಿನ ಕಥೆ ಅಲ್ಲಿಗೆ ಮುಗಿಯಿತು.

ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಕೂಡ 2003ರಲ್ಲಿ ಬ್ಲಾಗಿಗೆಂದೇ ಹುಟ್ಟಿದ್ದು. ಈಗ ಕಸ್ಟಮ್ ಪೋಸ್ಟ್ ಟೈಪ್, ಅಂದರೆ ನಮಗೆ ಬೇಕಾದ ಬಗೆಯ ಪೋಸ್ಟ್ ಮಾಡಿಕೊಳ್ಳುವ ಸೌಲಭ್ಯ ಇದೆ, ‘ಜೀನ್ಸ್’ ಅಂತಲೇ ಒಂದು ಬಗೆ ಮಾಡಿಕೊಂಡೆ. ಒಳಗೆ ಮಾತ್ರ ಅದೂ ಪೋಸ್ಟೇ. ರೇಟು, ಬಣ್ಣ, ವಾಷ್ (ಬಟ್ಟೆ ತೊಳೆದು ಕೊಟ್ಟ ಛಾಯೆ) ಎಲ್ಲ ಪೋಸ್ಟಿನ ಹೆಚ್ಚುವರಿ ವಿವರ ಇಡುವ ಪೋಸ್ಟ್‌ಮೆಟಾ ಟೇಬಲ್‌ನಲ್ಲಿ ಒಂದೊಂದು ಸಾಲು, ಎಲ್ಲವೂ ಬರಹದ ರೂಪದಲ್ಲಿ. ಕಡಿಮೆ ರೇಟು ಮೊದಲು ಬರಲಿ ಅಂದರೆ 1100 ಮೇಲೆ, 450 ಕೆಳಗೆ! ಅಕ್ಷರವಾಗಿ ಓದಿದರೆ 4ಕ್ಕಿಂತ 1 ಮುಂದಲ್ಲವೇ. ಸಂಖ್ಯೆಯಾಗಿ ಓದು ಎಂದು ಕ್ವೆರಿಯಲ್ಲಿ (ಡೇಟಾಬೇಸಿಗೆ ಕೇಳುವ ಪ್ರಶ್ನೆಯಲ್ಲಿ) ಹೇಳಿದರೆ ಸರಿಹೋಗುತ್ತದೆ. ಆದರೆ ಬಣ್ಣ, ವಾಷ್, ರೇಟು ಮೂರನ್ನೂ ಒಟ್ಟಿಗೆ ಹುಡುಕಿದರೆ ಅದೇ ಟೇಬಲನ್ನು ಮತ್ತೆ ಮತ್ತೆ ಜೋಡಿಸಬೇಕು. ಮಾಲು ಹೆಚ್ಚಿದಷ್ಟೂ ಪೇಜ್ ನಿಧಾನ. ಡೀಲರ್ ರೇಟಿಗೆ ಒಂದು ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಹೆಚ್ಚುವರಿ ತುಣುಕು), ಸೆಟ್‌ಗೆ ಇನ್ನೊಂದು. ಒಂದನ್ನು ಅಪ್‌ಡೇಟ್ ಮಾಡಿದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ಚಿಕ್ಕಪ್ಪನ ಫೋನ್: “ಎಲ್ಲಾರಿಗೂ ಒಂದೇ ರೇಟು ತೋರಸಾಕತ್ತೈತಲ್ಲೋ ತಮ್ಮಾ!”

ಜಾಂಗೊ ಅಂದರೆ ಪೈಥಾನ್ ಭಾಷೆಯಲ್ಲಿ ಕೋಡ್ ಬರೆದು ಸೈಟ್ ಕಟ್ಟುವ ಚೌಕಟ್ಟು. ಅದರಲ್ಲಿ ಟೇಬಲ್ ನಮ್ಮದೇ: ಡಿಸೈನ್, ಸೈಜ್, ಸ್ಟಾಕ್, ಡೀಲರ್ ರೇಟು. ಸೆಟ್ ಬುಕ್ ಆದರೆ ಐದೂ ಸೈಜಿನ ಲೆಕ್ಕ ಒಟ್ಟಿಗೆ ಇಳಿಯುತ್ತದೆ. 34 ಖಾಲಿ ಇದ್ದರೆ ಯಾವುದೂ ಇಳಿಯುವುದಿಲ್ಲ. ಟ್ರಾನ್ಸಾಕ್ಷನ್ ಅಂದರೆ ಇದೇ, ನನಗೆ ಬೇಕಿದ್ದದ್ದೂ ಇದೇ. ಮಾಹಿತಿ ಸೇರಿಸುವ, ತಿದ್ದುವ ಅಡ್ಮಿನ್ ಪೇಜ್ ಜಾಂಗೊ ಜೊತೆಗೇ ಬರುತ್ತದೆ. ಪುಕ್ಕಟೆ ಸುಖವೇನಲ್ಲ: ಬ್ಯಾಕಪ್, ಸೆಕ್ಯುರಿಟಿ ಅಪ್‌ಡೇಟ್ ಎಲ್ಲ ನನ್ನ ತಲೆ ಮೇಲೆ. ವರ್ಡ್‌ಪ್ರೆಸ್ ಬಲ್ಲ ಹುಡುಗರು ಊರಲ್ಲಿ ಸುಲಭವಾಗಿ ಸಿಗುತ್ತಾರೆ. ಜಾಂಗೊ ಬಲ್ಲವರನ್ನು ಹುಡುಕಬೇಕು. ಆದರೂ ಸ್ಟಾಕ್, ಆರ್ಡರ್ ಇರುವ ಕಡೆ ನಾನು ಇದನ್ನೇ ಆರಿಸುತ್ತೇನೆ.

ಹೊಸ ಡಿಸೈನಿನ ಫೋಟೊ, ನಾಲ್ಕು ಸಾಲಿನ ಬರಹ ಮಾತ್ರ ವರ್ಡ್‌ಪ್ರೆಸ್‌ನಲ್ಲೇ ಬಿಟ್ಟಿದ್ದೇನೆ. ಅದನ್ನು ಚಿಕ್ಕಪ್ಪನ ಮಗಳು ಫೋನಿನಿಂದಲೇ ಹಾಕುತ್ತಾಳೆ, ನನ್ನನ್ನು ಕೇಳುವುದೂ ಇಲ್ಲ.